ಗೊರಕೆ ರೋಗಕ್ಕೆ ಶಸ್ತ್ರಕ್ರಿಯೆ: ಯಾರಿಗೆ ಗುಣ, ಯಾರಿಗಿಲ್ಲ?

(ಕಾರಖಾನೆಯ ಸಭಾಸದರ ಆರೋಗ್ಯ ಸಭೆಯಲ್ಲಿ ಕಿವಿ, ಮೂಗು, ಗಂಟಲು ವೈದ್ಯರು ಮಾಡಿದ ಭಾಷಣ)



ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ರಾತ್ರಿ ಟ್ರ್ಯಾಕ್ಟರ್ ನಡೆಸುವವನು ಸ್ಟಿಯರಿಂಗ್ ಮೇಲೆ ತೂಕಡಿಸಿದರೆ ಏನಾಗುವುದೆಂದು ನಾನು ಹೇಳಬೇಕಾಗಿಲ್ಲ. ಯಾವಾಗಲೂ ದಣಿವೇ ಕಾರಣವಲ್ಲ. ಎಂಟು ತಾಸು ಮಲಗಿದರೂ ಹಗಲು ಕಣ್ಣೆಳೆಯುವವರಿಗೆ, ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತು ದಿಗ್ಗನೆ ಏಳುವವರಿಗೆ ನಿದ್ರೆಯಲ್ಲಿ ಉಸಿರುಕಟ್ಟುವ ರೋಗವಿರಬಹುದು. ಇದರಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಪೂರ್ತಿ ಇಲ್ಲವೆ ಅರ್ಧಂಬರ್ಧ ಮುಚ್ಚುತ್ತದೆ. ಪ್ರತಿ ಸಲ 10 ಸೆಕೆಂಡು ಅಥವಾ ಹೆಚ್ಚು ಹೊತ್ತು. ತಾಸಿಗೆ 30 ಸಲ ಮೀರಿದರೆ ರೋಗ ತೀವ್ರವೆಂದು ಲೆಕ್ಕ.

"ಡಾಕ್ಟರೇ, ಕೊಯ್ದು ತೆಗೆದುಬಿಡಿ" ಎನ್ನುವವರು ಬಹಳ. ಅವರಿಗೆ ನಾನು ಕೇಳುವುದಿಷ್ಟೇ: ಹೊಲಕ್ಕೆ ನೀರು ಬರದಿದ್ದರೆ ಕಾಲುವೆ ಎಲ್ಲಿ ಕಟ್ಟಿದೆಯೆಂದು ನೋಡದೆ ಸಲಿಕೆ ಹಾಕುತ್ತೀರಾ?

ಕಿರುನಾಲಿಗೆ ಮತ್ತು ಮೆದು ಅಂಗುಳದ ಅಂಚು ತೆಗೆದು ಗಂಟಲು ಅಗಲಿಸುವ ಶಸ್ತ್ರಕ್ರಿಯೆಯನ್ನು ಅಮೇರಿಕದಲ್ಲಿ ಡಾ. ಫುಜಿತಾ ಅವರು 1981ರಲ್ಲಿ ಪ್ರಕಟಿಸಿದರು. 1996ರಲ್ಲಿ ಅದರ ವರದಿಗಳನ್ನೆಲ್ಲ ಕೂಡಿಸಿ ನೋಡಿದಾಗ ಗುಣ ಕಂಡವರು ನೂರಕ್ಕೆ ಸುಮಾರು 40 ಮಾತ್ರ. ಏಕೆಂದರೆ ಅನೇಕರಿಗೆ ತಡೆಯಿದ್ದುದು ಇನ್ನೂ ಕೆಳಗೆ, ನಾಲಿಗೆಯ ಬುಡದಲ್ಲಿ.

2002ರಲ್ಲಿ ಡಾ. ಫ್ರೀಡ್‌ಮನ್ ಮೂರು ಗುರುತು ಹೇಳಿದರು: ಟಾನ್ಸಿಲ್ ಗಾತ್ರ, ಬಾಯಿ ತೆರೆದಾಗ ನಾಲಿಗೆಯ ಹಿಂದೆ ಕಾಣುವ ಅಂಗುಳ, ಮೈತೂಕ. ಟಾನ್ಸಿಲ್ ದೊಡ್ಡದಿದ್ದು, ಅಂಗುಳ ಚೆನ್ನಾಗಿ ಕಂಡು, ವಿಪರೀತ ಬೊಜ್ಜಿಲ್ಲದವರಲ್ಲಿ ನೂರಕ್ಕೆ 80 ಜನರಿಗೆ ಫಲ ಸಿಕ್ಕಿತು. ಟಾನ್ಸಿಲ್ ಸಣ್ಣದಿದ್ದು ನಾಲಿಗೆ ಅಂಗುಳವನ್ನು ಮರೆಮಾಡಿದವರು ಮತ್ತು ಅತಿ ಬೊಜ್ಜಿನವರು ಕೂಡಿದ ಗುಂಪಿನಲ್ಲಿ ಬರೀ 8. ಶಸ್ತ್ರಕ್ರಿಯೆ ಒಂದೇ, ಗಂಟಲು ಬೇರೆ.

ಎರಡೂ ದವಡೆ ಮುಂದೆ ಸರಿಸುವ ದೊಡ್ಡ ಶಸ್ತ್ರಕ್ರಿಯೆಯಲ್ಲಿ ಯಶಸ್ಸು ಹೆಚ್ಚು; 2010ರ ಸಮೀಕ್ಷೆಯಲ್ಲಿ ನೂರಕ್ಕೆ 86. ಅಲ್ಲಿಯೂ ವಯಸ್ಸು ಮತ್ತು ತೂಕ ಕಡಿಮೆಯಿದ್ದವರಿಗೇ ಲಾಭ ಹೆಚ್ಚು.

ಇನ್ನೊಂದು ಮಾತು. "ಯಶಸ್ಸು" ಎಂದರೆ ಪೂರ್ಣ ಗುಣವಲ್ಲ. ಉಸಿರುಕಟ್ಟುವಿಕೆ ಅರ್ಧಕ್ಕಿಳಿದು ತಾಸಿಗೆ 20ಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಯಶಸ್ಸೆನ್ನುತ್ತಾರೆ. ಗೊರಕೆ ನಿಂತರೂ ರೋಗ ಉಳಿದಿರಬಹುದು. ತೂಕ ಏರಿದರೆ ಅದು ಮರಳಿ ಬರಬಹುದು. ರಾತ್ರಿಯ ಸಾರಾಯಿ ಗಂಟಲನ್ನು ಮತ್ತಷ್ಟು ಸಡಿಲಿಸುತ್ತದೆ.

ಆದುದರಿಂದ ಮೊದಲು ನಿದ್ರಾ ಪರೀಕ್ಷೆ ಮಾಡಿಸಿರಿ. ಗಾಳಿ ಒತ್ತುವ ಮಾಸ್ಕಿನ ಯಂತ್ರವನ್ನು ಬಳಸಿ ನೋಡಿರಿ. ದೊಡ್ಡವರಿಗೆ ಸಾಮಾನ್ಯವಾಗಿ ಮೊದಲ ಉಪಚಾರ ಅದೇ. ಅದು ಒಗ್ಗದಿದ್ದರೆ, ಕೊಯ್ಯುವ ಮುನ್ನ "ನನ್ನ ತಡೆ ಎಲ್ಲಿದೆ?" ಎಂದು ವೈದ್ಯರನ್ನು ಕೇಳಿರಿ. ಶಸ್ತ್ರಕ್ರಿಯೆಯ ಕೆಲವು ತಿಂಗಳ ಬಳಿಕ ಪರೀಕ್ಷೆ ಮತ್ತೆ ಮಾಡಿಸಿರಿ. ಅಲ್ಲಿಯವರೆಗೆ ತೂಕಡಿಸುವವನ ಕೈಗೆ ರಾತ್ರಿ ಟ್ರ್ಯಾಕ್ಟರ್ ಕೊಡಬೇಡಿರಿ. ಕಬ್ಬು ಒಂದು ದಿನ ತಡವಾಗಿ ಬಂದರೆ ನಡೆದೀತು, ಮನೆಯ ಮಗ ಬಾರದಿದ್ದರೆ ನಡೆಯದು.