ಪಾಠದ ಚಿತ್ರ ಕಣ್ಣಿನ ಹತ್ತಿರಕ್ಕೆ ಬರಲಿ
(ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಕಂಪ್ಯೂಟರ್ ಪಾಠಗಳ ಸ್ಲೈಡ್‌ಗಳಲ್ಲಿ ಚಿತ್ರಗಳನ್ನು ‘ಝೂಮ್’ ಮಾಡುವ ಬಗ್ಗೆ ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ಇದರಲ್ಲೇನಿದೆ, ಒಂದು ಬಟನ್ ಒತ್ತಿದರಾಯಿತು ಎಂದು ನಿಮಗೆ ಅನಿಸಬಹುದು. ಒತ್ತುವುದು ಸುಲಭ, ನಿಜ. ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಎಂಬುದೇ ಕಷ್ಟ.

2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಅನೇಕ ಮಕ್ಕಳು ಪಾಠ ಕೇಳಿದ್ದು ತಂದೆಯ ಅಥವಾ ಅಣ್ಣನ ಮೊಬೈಲಿನಲ್ಲಿ. ಅಂಗೈಯಗಲದ ಪರದೆ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಬರುವ ಮೂತ್ರಜನಕಾಂಗವನ್ನೇ ತೆಗೆದುಕೊಳ್ಳಿ. ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿರುತ್ತವೆ. ರಕ್ತ ಸೋಸುವ ಕೆಲಸ ನಡೆಯುವುದು ಅವುಗಳಲ್ಲಿ. ಶಿಕ್ಷಕರು ಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿ ಸ್ಲೈಡಿಗೆ ಹಾಕಿ, “ಈ ಬಟ್ಟಲಿನಂಥ ಭಾಗವನ್ನು ನೋಡಿ” ಎನ್ನುತ್ತಾರೆ. ಮೊಬೈಲ್ ಹಿಡಿದು ಕುಳಿತ ಹುಡುಗಿಗೆ ಬಟ್ಟಲೂ ಕಾಣುವುದಿಲ್ಲ, ಪಕ್ಕದಲ್ಲಿ ಬರೆದ ಹೆಸರೂ ಓದಲಾಗುವುದಿಲ್ಲ. ತರಗತಿಯಲ್ಲಾಗಿದ್ದರೆ ಎದ್ದು ನಿಂತು ಕೇಳುತ್ತಿದ್ದಳು. ಇಲ್ಲಿ ಯಾರನ್ನು ಕೇಳಬೇಕು? ಹೆಸರನ್ನು ಬಾಯಿಪಾಠ ಮಾಡಿಕೊಂಡು ಮುಂದೆ ಹೋಗುತ್ತಾಳೆ.

11ನೇ ಶತಮಾನದ ಮಹಾನ್ ವಿಜ್ಞಾನಿ ಇಬ್ನುಲ್ ಹೈಸಮ್ ತಮ್ಮ ‘ಕಿತಾಬುಲ್ ಮನಾಝಿರ್’ ಗ್ರಂಥದಲ್ಲಿ ಎರಡು ಬಗೆಯ ನೋಟಗಳನ್ನು ವಿವರಿಸಿದ್ದಾರೆ. ಒಂದು, ಥಟ್ಟನೆ ಕಾಣುವುದು. ಇನ್ನೊಂದು, ವಸ್ತುವಿನ ಒಂದೊಂದು ಭಾಗದ ಮೇಲೂ ದೃಷ್ಟಿ ಹರಿಸಿ ಪರಿಶೀಲಿಸಿ ತಿಳಿಯುವುದು. ಸ್ಲೈಡಿನಲ್ಲಿ ನಾವು ಮಾಡುವ ಝೂಮ್ ಈ ಎರಡನೆಯ ನೋಟಕ್ಕೆ ನೆರವಾಗಬೇಕು. ಹಾಗಾಗದಿದ್ದರೆ ಅದು ಬರೀ ಅಲಂಕಾರ.

ಹಳೆಯ ಫೋಟೋಗಳ ಮೇಲೆ ಕ್ಯಾಮೆರಾ ನಿಧಾನವಾಗಿ ಸರಿಯುವ ವಿಧಾನಕ್ಕೆ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ಕೆನ್ ಬರ್ನ್ಸ್ ಅವರ ಹೆಸರೇ ಬಿದ್ದಿದೆ. ಇತಿಹಾಸದ ಫೋಟೋಗಳಿಗೆ ಅದು ಬಹಳ ಚೆನ್ನ. ಆದರೆ ಹೆಸರುಗಳನ್ನು ಗುರುತಿಸಿರುವ ವಿಜ್ಞಾನದ ಚಿತ್ರ ತೇಲುತ್ತಾ ಹೋದರೆ ಮಗು ಓದುವುದು ಹೇಗೆ? ಪಾಠಕ್ಕೆ ಹೆಚ್ಚು ಒಪ್ಪುವ ಮಾದರಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1977ರಲ್ಲಿ ಹೊರತಂದ ‘ಪವರ್ಸ್ ಆಫ್ ಟೆನ್’ ಕಿರುಚಿತ್ರ. ಷಿಕಾಗೋದ ಹುಲ್ಲುಹಾಸಿನ ಮೇಲೆ ಮಲಗಿದ ಮನುಷ್ಯನಿಂದ ಕ್ಯಾಮೆರಾ ಪ್ರತಿ 10 ಸೆಕೆಂಡಿಗೆ 10 ಪಟ್ಟು ದೂರ ಹೋಗುತ್ತದೆ. ಆಮೇಲೆ ಮರಳಿ ಬಂದು ಅವನ ಕೈಯ ಒಳಗೆ, ಪರಮಾಣುವಿನವರೆಗೂ ಇಳಿಯುತ್ತದೆ. ಎಷ್ಟು ದೂರ ಹೋದರೂ ನಾವೆಲ್ಲಿದ್ದೇವೆ ಎಂಬುದು ನೋಡುವವನಿಗೆ ಮರೆಯುವುದಿಲ್ಲ.

ನೀವೂ ಹಾಗೆಯೇ ಮಾಡಿ. ಮೊದಲು ಇಡೀ ಮೂತ್ರಜನಕಾಂಗವನ್ನು ತೋರಿಸಿ. ಬಳಿಕ ಒಂದು ನೆಫ್ರಾನಿನ ಹತ್ತಿರ ಹೋಗಿ. ಚಿತ್ರ ಸರಿಯುವಾಗ ಮಾತು ನಿಲ್ಲಲಿ. ಚಿತ್ರ ನಿಂತ ಮೇಲೆ ವಿವರಣೆ ಶುರುವಾಗಲಿ. ಸರಿಯಲು ಒಂದೆರಡು ಸೆಕೆಂಡು ಸಾಕು. ಮುಗಿದ ಮೇಲೆ ಇಡೀ ಚಿತ್ರಕ್ಕೆ ಹಿಂತಿರುಗಿ. ಇದನ್ನು ಅನೇಕರು ಬಿಟ್ಟುಬಿಡುತ್ತಾರೆ.

ಪವರ್‌ಪಾಯಿಂಟ್ 2019 ಅಥವಾ ಅದಕ್ಕಿಂತ ಹೊಸದು ನಿಮ್ಮಲ್ಲಿದ್ದರೆ ‘ಮಾರ್ಫ್’ ಬಳಸಿ. ಸ್ಲೈಡಿನ ನಕಲು ಮಾಡಿ, ನಕಲಿನಲ್ಲಿ ಚಿತ್ರವನ್ನು ಹಿಗ್ಗಿಸಿ, ಬೇಕಾದ ಭಾಗವನ್ನು ನಡುವೆ ತಂದು, ಆ ಸ್ಲೈಡಿಗೆ ಮಾರ್ಫ್ ಕೊಟ್ಟರೆ ಆಯಿತು. ಹಳೆಯ ಆವೃತ್ತಿಗಳಲ್ಲಿ ‘ಗ್ರೋ/ಶ್ರಿಂಕ್’ ಇದೆ. ಅದು ಚಿತ್ರವನ್ನು ನಡುವಿನಿಂದ ಹಿಗ್ಗಿಸುವುದರಿಂದ ಅಂಚಿನಲ್ಲಿರುವ ಭಾಗ ಪರದೆಯಿಂದಾಚೆ ಓಡಿಹೋಗುತ್ತದೆ. ಅದರ ಜೊತೆಯಲ್ಲೇ ‘ಮೋಷನ್ ಪಾತ್’ ಕೊಟ್ಟು ಚಿತ್ರವನ್ನು ಎಳೆದುಕೊಳ್ಳಬೇಕು.

ಚಿತ್ರ ಮಸುಕಾಗುತ್ತದೆ ಎಂಬ ದೂರು ಎಲ್ಲ ಕಡೆ ಕೇಳಿಬರುತ್ತದೆ. ಕಾರಣ ಸರಳ ಲೆಕ್ಕ. ಸ್ಲೈಡಿನ ಅಗಲಕ್ಕೆ ಹಾಕಿದ ಚಿತ್ರ 1000 ಪಿಕ್ಸೆಲ್ ಅಗಲವಿದ್ದು, ಅದನ್ನು 4 ಪಟ್ಟು ಹಿಗ್ಗಿಸಿದರೆ ಪರದೆ ತುಂಬ ಹರಡಿಕೊಳ್ಳುವುದು ಬರೀ 250 ಪಿಕ್ಸೆಲ್. ಆದ್ದರಿಂದ ಸ್ಕ್ಯಾನ್ ಮಾಡುವಾಗಲೇ ದೊಡ್ಡದಾಗಿ ಮಾಡಿ. ಫೈಲ್ ಉಳಿಸುವಾಗ ಪವರ್‌ಪಾಯಿಂಟ್ ತಾನಾಗಿಯೇ ಚಿತ್ರವನ್ನು ಕುಗ್ಗಿಸಬಹುದು. ಆಪ್ಷನ್ಸ್‌ಗೆ ಹೋಗಿ ಅದನ್ನು ತಡೆಯಿರಿ. ಪುಸ್ತಕದ ಅಕ್ಷರಗಳನ್ನು ನೆಚ್ಚಿಕೊಳ್ಳದೆ ಹೆಸರುಗಳನ್ನು ನೀವೇ ಕನ್ನಡದಲ್ಲಿ ಟೈಪ್ ಮಾಡಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ದೊಡ್ಡ ಚಿತ್ರ ಜೋರಾಗಿ ಮುಂದೆ ನುಗ್ಗಿದರೆ ಕೆಲವರಿಗೆ ನಿಜವಾಗಿಯೂ ತಲೆ ಸುತ್ತುತ್ತದೆ. ಅಂತರ್ಜಾಲ ಪುಟಗಳ ಸುಲಭಬಳಕೆಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇರೆ ವಿಷಯದ ಪಕ್ಕದಲ್ಲಿ ಚಲಿಸುವುದನ್ನು ನಿಲ್ಲಿಸುವ ಸೌಕರ್ಯ ಇರಬೇಕು. ನಮ್ಮ ಪಾಠಗಳಿಗೂ ಈ ನಿಯಮ ಇರಲಿ.

ಕೊನೆಗೆ, ಪಾಠವನ್ನು ಮಕ್ಕಳಿಗೆ ಕಳಿಸುವ ಬಗ್ಗೆ. ಪಿಡಿಎಫ್ ಮಾಡಿದರೆ ಚಲನೆಯೆಲ್ಲ ಹೋಗುತ್ತದೆ. ವಿಡಿಯೋ ಆಗಿ ಉಳಿಸಿದರೆ ಚಲನೆ ಇರುತ್ತದೆ, ಆದರೆ ಫೈಲ್ ಭಾರವಾಗುತ್ತದೆ; ದಿನದ ಡೇಟಾ ಮುಗಿದ ಮನೆಯಲ್ಲಿ ಅದು ಇಳಿಯುವುದೇ ಇಲ್ಲ. ಮಾರ್ಫ್‌ನಲ್ಲಿ ಮಾಡಿದ ಪಾಠಕ್ಕೆ ಇಲ್ಲೊಂದು ಲಾಭವಿದೆ. ಹಿಗ್ಗಿಸಿದ ಚಿತ್ರ ಪ್ರತ್ಯೇಕ ಸ್ಲೈಡಾಗಿರುವುದರಿಂದ ಪಿಡಿಎಫ್‌ನಲ್ಲೂ ಅದು ಒಂದು ಪುಟವಾಗಿ ಉಳಿಯುತ್ತದೆ. ಎರಡನ್ನೂ ಕಳಿಸಿ. ಕಳಿಸುವ ಮೊದಲು ಮನೆಯಲ್ಲಿರುವ ಅತ್ಯಂತ ಹಳೆಯ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ.