ಓದಲು ಕಲಿತವಳೇ ಓದಿಸಬಲ್ಲಳು



ನಮ್ಮ ಸಂಘಗಳ ಎಷ್ಟೋ ತಾಯಂದಿರು ಸಾಲ ಮಾಡಿ ಮಗಳನ್ನೋ ಸೊಸೆಯನ್ನೋ ಡಿ.ಎಡ್., ಬಿ.ಎಡ್.ಗೆ ಕಳಿಸಿದ್ದಾರೆ. "ರಾತ್ರಿ ಹನ್ನೆರಡರವರೆಗೂ ಪುಸ್ತಕ ಹಿಡ್ಕೊಂಡು ಕೂರ್ತಾಳೆ, ಆದ್ರೂ ಮಾರ್ಕ್ಸ್ ಬರಲ್ಲ" ಎಂದು ನೊಂದುಕೊಳ್ಳುತ್ತಾರೆ. ಬಹಳ ಸಲ ಕೊರತೆ ಇರುವುದು ಬುದ್ಧಿಯಲ್ಲಲ್ಲ, ಓದುವ ಅಭ್ಯಾಸದಲ್ಲಿ. ಅಭ್ಯಾಸವನ್ನು ಬದಲಿಸಬಹುದು. ಅದಕ್ಕೆ ಆಪ್ತ ಸಮಾಲೋಚನೆ ನೆರವಾಗುತ್ತದೆ.

ಈ ಓದು ಹಗುರವಲ್ಲ. 2015ರಲ್ಲಿ ಬಿ.ಎಡ್. 1 ವರ್ಷದಿಂದ 2 ವರ್ಷಕ್ಕೆ ಏರಿತು. ಪಾಠ ಯೋಜನೆ ಬರೆಯಬೇಕು, ಪಾಠೋಪಕರಣ ಮಾಡಬೇಕು, ಶಾಲೆಗೆ ಹೋಗಿ ಪಾಠ ಮಾಡಬೇಕು. ಆಮೇಲೆ ಟಿ.ಇ.ಟಿ. ಅದರಲ್ಲಿ ಸಾಮಾನ್ಯ ವರ್ಗದವರಿಗೆ 150ಕ್ಕೆ 90 ಅಂಕ ಬೇಕು. ಬರೀ ಬಾಯಿಪಾಠ ಸಾಲದು.

ಸಮಾಲೋಚನೆ ಎಂದರೆ ಬುದ್ಧಿವಾದ ಹೇಳುವುದಲ್ಲ, ಮೊದಲು ಕೇಳಿಸಿಕೊಳ್ಳುವುದು. ಸಮಾಲೋಚಕಿ ಒಂದು ವಾರದ ದಿನಚರಿ ಬರೆಸುತ್ತಾರೆ. ಬರೆದು ನೋಡಿದಾಗ ಹುಡುಗಿಗೇ ಸತ್ಯ ಕಾಣುತ್ತದೆ: ಅಡುಗೆ, ಪಾತ್ರೆ ಎಲ್ಲ ಮುಗಿದ ಮೇಲೆ, ದಣಿದ ಕಣ್ಣಲ್ಲಿ ಓದಿದ್ದು, ನಡುವೆ ಮೊಬೈಲ್ ನೋಡಿದ್ದು. ಹೀಗಿದ್ರೆ ತಲೆಗೆ ಹತ್ತೋದು ಹೇಗೆ? ನಂತರ ಇಬ್ಬರೂ ಸೇರಿ ಒಂದು ಸಣ್ಣ ಗುರಿ ಇಡುತ್ತಾರೆ. ಮುಂದಿನ ವಾರ ಮತ್ತೆ ಕೂತು ನೋಡುತ್ತಾರೆ.

ಓದುವ ಕ್ರಮವನ್ನೂ ಕಲಿಸುತ್ತಾರೆ. ಅಮೆರಿಕದ ರಾಬಿನ್ಸನ್ ಎಂಬ ಮನಶ್ಶಾಸ್ತ್ರಜ್ಞರು 1946ರ ತಮ್ಮ ಪುಸ್ತಕದಲ್ಲಿ 5 ಹೆಜ್ಜೆ ಹೇಳಿದರು: ಪಾಠದ ಮೇಲೆ ಒಮ್ಮೆ ಕಣ್ಣಾಡಿಸುವುದು, ಪ್ರಶ್ನೆ ಹಾಕಿಕೊಳ್ಳುವುದು, ಓದುವುದು, ಪುಸ್ತಕ ಮುಚ್ಚಿ ಹೇಳುವುದು, ಮತ್ತೆ ತಿರುವಿ ನೋಡುವುದು. ನಾಲ್ಕನೆಯ ಹೆಜ್ಜೆಗೆ ಕೇಳುವವರು ಒಬ್ಬರು ಇದ್ದರೆ ಒಳ್ಳೆಯದು. ಆ ಕೆಲಸ ನಿಮ್ಮದು! "ಇವತ್ತು ಏನು ಕಲಿತೆ, ನಂಗೂ ಹೇಳು ಮಗಾ" ಅಂತ ಕೇಳಿ. ನಿಮಗೆ ಅರ್ಥವಾಗುವಂತೆ ಹೇಳಿದರೆ ನಾಳೆ ಮಕ್ಕಳಿಗೂ ಹೇಳಬಲ್ಲಳು.

ಆದರೆ ಮನೆಯಲ್ಲಿ ಸಮಯವೇ ಸಿಗದಿದ್ದರೆ ಸಮಾಲೋಚನೆಯಿಂದ ಏನೂ ಆಗದು. ಮಗನಿಗೆ ಪರೀಕ್ಷೆ ಬಂದರೆ ಮನೆಯೆಲ್ಲ ಸದ್ದಡಗುತ್ತದೆ. ಸೊಸೆಗೆ ಪರೀಕ್ಷೆ ಬಂದರೆ? ನಾವೆಲ್ಲ ಎದೆ ಮುಟ್ಟಿಕೊಂಡು ಹೇಳೋಣ. ಬೆಳಿಗ್ಗೆ 1 ಗಂಟೆಯನ್ನು ಅವಳಿಗಾಗಿ ಬಿಡೋಣ. ಆ ಹೊತ್ತಿನ ಕೆಲಸವನ್ನು ಗಂಡಸರೂ ಸೇರಿ ಹಂಚಿಕೊಳ್ಳಲಿ.

ಅವಳು ನಿದ್ದೆ, ಊಟ ಬಿಟ್ಟು ಅಳುತ್ತಿದ್ದರೆ ಬೈಯಬೇಡಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ವಿಷಯವನ್ನೂ ಮಾತಾಡಿ. ಒಬ್ಬ ಶಿಕ್ಷಕಿ ಸರಿಯಾಗಿ ಓದಲು ಕಲಿತರೆ ಒಂದು ತರಗತಿಯೇ ಕಲಿಯುತ್ತದೆ.