ಬೇರಿನ ನಂಟ



ಶಿಗ್ಗಾಂವಿ ಸೀಮೆಯ ಹೊಲಗಳ ಬದುವಿನಲ್ಲಿ ಬೆಳೆಯುವ ಬಾರೆಯ ಪೊದೆಯನ್ನೂ ಕವಳಿಯ ಕಂಟಿಯನ್ನೂ ನಾವೆಲ್ಲರೂ ಬಲ್ಲೆವು. ಮಳೆ ತಪ್ಪಿ ಪೈರು ಬಾಡಿದಾಗಲೂ ಇವು ಹಸುರಾಗಿರುವುದುಂಟು. ಬೇರು ಆಳಕ್ಕೆ ಇಳಿದಿರುವುದು ಇದಕ್ಕೆ ಒಂದು ಕಾರಣ. ಆದರೆ ಆ ಬೇರು ಒಂಟಿಯಾಗಿ ದುಡಿಯುವುದಿಲ್ಲ. ಬರಿಗಣ್ಣಿಗೆ ಕಾಣದ ಎಳೆಗಳುಳ್ಳ ಶಿಲೀಂಧ್ರವೊಂದು ಅದರೊಳಗೆ ನೆಲಸಿ, ಬೇರಿಗೆ ಎಟುಕದ ಮಣ್ಣಿನಿಂದ ರಂಜಕವನ್ನು ತಂದುಕೊಡುತ್ತದೆ, ನೀರಿಗೂ ನೆರವಾಗುತ್ತದೆ. ಪ್ರತಿಯಾಗಿ ಗಿಡವು ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಉಣಿಸುತ್ತದೆ. ಬೇರು ಶಿಲೀಂಧ್ರಗಳ ಇಂತಹ ನಂಟಿಗೆ ಜರ್ಮನಿಯ ಫ್ರಾಂಕ್ ಎಂಬ ವಿದ್ವಾಂಸನು 1885ರಲ್ಲಿ 'ಮೈಕೊರೈಜ' ಎಂದು ಹೆಸರಿಟ್ಟನು.

ಹೊರಗಿನ ಸ್ಥಿತಿಗತಿ ಬದಲಾದರೆ ಈ ಕೊಳುಕೊಡೆ ಏನಾಗುವುದು? ಮೊದಲು ಶೀತದೇಶದ ಕಡೆ ನೋಡೋಣ. ಅಲ್ಲಿ ಚಳಿಯ ದೆಸೆಯಿಂದ ಉದುರಿದ ಎಲೆ ಬೇಗ ಕೊಳೆಯದು. ಸಾರಜನಕವೆಲ್ಲ ಕಸದಲ್ಲಿಯೇ ಸೆರೆಯಾಗಿರುತ್ತದೆ. ಹೀದರ್ ಮೊದಲಾದ ಪೊದೆಗಳ ಬೇರಿನಲ್ಲಿರುವ ಶಿಲೀಂಧ್ರವು ಆ ಸೆರೆಯನ್ನು ಬಿಡಿಸಿ ಗಿಡಕ್ಕೆ ಆಹಾರವೀಯುತ್ತದೆ. ನಮ್ಮ ನೆರೆಯ ನೀಲಗಿರಿಯ ಕೆಂಪು ಹೂವಿನ ರೋಡೋಡೆಂಡ್ರನ್ ಇದೇ ಕುಲದ್ದು. ನೆಲ ಬೆಚ್ಚಗಾದರೆ ಕೊಳೆಯುವಿಕೆ ಚುರುಕಾಗಿ ಸಾರಜನಕವು ಹೆಚ್ಚು ಬಿಡುಗಡೆಯಾಗುತ್ತದೆ. ಅದರ ಪರಿಣಾಮವೇನು? ಅಲಾಸ್ಕದಲ್ಲಿ 1981ರಿಂದ 20 ವರ್ಷ ಹಿಮಸೀಮೆಯ ನೆಲಕ್ಕೆ ಸಾರಜನಕ ರಂಜಕಗಳನ್ನು ಹಾಕಿ ನೋಡಿದರು. ಕುಳ್ಳು ಬರ್ಚ್ ಪೊದೆಯು ಮಿಕ್ಕ ಗಿಡಗಳನ್ನು ಮೀರಿ ಹಬ್ಬಿತು. ಸಸ್ಯಗಳ ಬೆಳವಣಿಗೆ ಇಮ್ಮಡಿಯಾಯಿತು. ಆದರೂ ಆಳದ ಮಣ್ಣು ಕರಗಿ, ಒಟ್ಟು ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 2 ಕಿಲೋಗ್ರಾಂ ಇಂಗಾಲ ನಷ್ಟವಾಯಿತೆಂದು 2004ರಲ್ಲಿ ಪ್ರಕಟವಾಯಿತು. ಮೇಲೆ ಕಂಡ ಸಮೃದ್ಧಿಯು ಕೆಳಗಣ ನಷ್ಟವನ್ನು ಮರೆಮಾಡಿತ್ತು.

ಈ ಪಾಠವು ನಮ್ಮ ಎರೆಹೊಲಕ್ಕೂ ಸಲ್ಲುವುದು. ಇಲ್ಲಿಯ ಶಿಲೀಂಧ್ರದ ಜಾತಿ ಬೇರೆ, ನ್ಯಾಯ ಒಂದೇ. ರಂಜಕದ ಗೊಬ್ಬರವನ್ನು ಮಿತಿಮೀರಿ ಸುರಿದರೆ ಗಿಡವು ನಂಟನಿಗೆ ಅನ್ನವಿಕ್ಕುವುದನ್ನು ಕಡಿಮೆಮಾಡುತ್ತದೆ. ಪದೇ ಪದೇ ಉತ್ತರೆ ಎಳೆಗಳು ಹರಿಯುತ್ತವೆ. ಜೀವಂತ ಬೇರಿಲ್ಲದ ಬರಿಯ ನೆಲದಲ್ಲಿ ಅವು ಬೆಳೆಯಲಾರವು. ಮುಂದೆ ಮಳೆ ಕೈಕೊಟ್ಟ ವರ್ಷ, ನೆರವಾಗಬೇಕಾದ ನಂಟನೇ ಇರುವುದಿಲ್ಲ.

ಹೋದ ನಂಟನನ್ನು ಮರಳಿ ಕರೆಯಲೂಬಹುದು. ಕರ್ನಾಟಕದಲ್ಲಿ ಈ ವಿಷಯವನ್ನು ಬಹುಕಾಲ ಶೋಧಿಸಿದ ವಿಜ್ಞಾನಿ ಡಿ. ಜೆ. ಭಾಗ್ಯರಾಜರೂ ಅವರ ಜೊತೆಯವರೂ ಮೆಣಸಿನಕಾಯಿಯ ಅಗಿಗೆ ಮಡಿಯಲ್ಲಿಯೇ ಈ ಶಿಲೀಂಧ್ರವನ್ನು ಸೇರಿಸಿ ಹೊಲದಲ್ಲಿ ನೆಟ್ಟರು. ಬೆಳೆಯೂ ಇಳುವರಿಯೂ ಹೆಚ್ಚಿ, ರಂಜಕದ ಗೊಬ್ಬರ ಉಳಿಯಿತೆಂದು 1982ರಲ್ಲಿ ತಿಳಿಸಿದರು. ಬ್ಯಾಡಗಿಯ ಮೆಣಸಿನಕಾಯಿಗೆ ಹೆಸರಾದ ಈ ಜಿಲ್ಲೆಗೆ ಇದು ಸಣ್ಣ ಮಾತಲ್ಲ.

ಮಳೆ ನಮ್ಮ ಕೈಯಲ್ಲಿಲ್ಲ. ಆದರೆ ಮಣ್ಣನ್ನು ಪರೀಕ್ಷಿಸಿದ ಮೇಲೆಯೇ ಗೊಬ್ಬರ ಹಾಕುವುದು, ಬದುವಿನ ಕಂಟಿಯನ್ನು ಸುಡದೆ ಉಳಿಸುವುದು, ಆದಷ್ಟು ದಿನ ಹೊಲದಲ್ಲಿ ಜೀವಂತ ಬೇರನ್ನು ಇರಿಸುವುದು ನಮ್ಮ ಕೈಯಲ್ಲಿವೆ. ಕಾಣದ ನಂಟನನ್ನು ಕಾಪಾಡಿದರೆ ಕಾಣುವ ಪೈರು ತಾನಾಗಿ ಚೇತರಿಸಿಕೊಂಡೀತು.